ಏಳನೇ ಭಾಗ ಇಲ್ಲದ ಮಾಂಗಾ ಕಪಾಟು: ಮೂರು ವರ್ಷ ಬಳಸಿದ ಮೇಲೆ

ನಮ್ಮೂರ ಲೈಬ್ರರಿಲಿ ಟೀನೇಜ್ ಮಕ್ಕಳಿಗೆ ಅಂತಾನೇ ಒಂದು ಕಪಾಟಿದೆ, ಮೇಲಿನ ನಾಲ್ಕು ಸಾಲು ಮಾಂಗಾ, ಅದರ ಪಕ್ಕದ ಬೋರ್ಡಲ್ಲಿ ಪ್ರತಿ ತಿಂಗಳು ಯಾವ ಅನಿಮೆ ನೋಡಬಹುದು, ಯಾವ ಸಿನಿಮಾ ನೋಡಬಹುದು ಅಂತ ಕೈಯಲ್ಲಿ ಬರೆದ ಪಟ್ಟಿ. ಕಾರವಾರದ ಆಸುಪಾಸು ಅಂದ್ಕೊಳ್ಳಿ, ಯಾವ ಲೈಬ್ರರಿ ಅಂತ ಬರೆಯಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ದೂರು ಹೇಳೋದಿದೆ, ಅಲ್ಲಿ ಕೂತಿರೋ ಮೇಡಂ ಒಬ್ಬರೇ ಪೇಪರ್ ಜೋಡಿಸೋದ್ರಿಂದ ಹಿಡಿದು ಬಾಗಿಲು ಹಾಕೋ ತನಕ ಎಲ್ಲ ನೋಡ್ಕೋಬೇಕು, ಅವರಿಗೆ ಇದ್ರಿಂದ ತೊಂದರೆ ಆಗೋದು ಬೇಡ. ಮಗಳು ಎಂಟನೇ ಕ್ಲಾಸಿಗೆ ಹೋದ ಜೂನಲ್ಲಿ ಕಾರ್ಡ್ ಮಾಡ್ಸಿದ್ದು, ಈಗ ಅವಳು ಫಸ್ಟ್ ಪಿಯುಸಿ. ಮಾಂಗಾ ಅಂದ್ರೆ ಜಪಾನಿ ಕಾಮಿಕ್ಸ್, ಅನಿಮೆ ಅಂದ್ರೆ ಜಪಾನಿ ಕಾರ್ಟೂನು, ಇದಕ್ಕಿಂತ ಹೆಚ್ಚು ವಿವರಿಸಲ್ಲ, ನಿಮ್ಮ ಮನೇಲೂ ಒಂದು ಹುಡುಗನೋ ಹುಡುಗಿನೋ ಇದ್ರೆ ಇಷ್ಟೊತ್ತಿಗೆ ಗೊತ್ತಾಗಿರತ್ತೆ. ನೇರ ಏಳನೇ ಭಾಗದ ವಿಷಯಕ್ಕೆ ಬರ್ತೀನಿ.

ಮಗಳು ವಾಲಿಬಾಲ್ ಆಡ್ತಾಳೆ. ಎತ್ತರ ಕಡಿಮೆ, ಅದಕ್ಕೆ ಸ್ಕೂಲ್ ಟೀಮಲ್ಲಿ ಅವಳನ್ನ ನೆಟ್ ಹತ್ರ ಬಿಡ್ತಾನೇ ಇರ್ಲಿಲ್ಲ. ಅಂಥವಳ ಕೈಗೆ ‘ಹೈಕ್ಯೂ’ ಮೊದಲನೇ ಭಾಗ ಸಿಕ್ತು. ಹರುಯಿಚಿ ಫುರುದಾತೆ ಅನ್ನೋರು ಬರೆದಿದ್ದು, ಹಿನಾತಾ ಅಂತ ಒಬ್ಬ ಕುಳ್ಳ ಹುಡುಗ, ಮೇಲಕ್ಕೆ ಹಾರಿ ಸ್ಪೈಕ್ ಹೊಡೀಲೇಬೇಕು ಅನ್ನೋದು ಅವನ ಹಠ, ಅವನಿಗೆ ಸರಿಯಾಗಿ ಬಾಲ್ ಎತ್ತಿ ಕೊಡೋ ಸೆಟ್ಟರ್ ಕಗೆಯಾಮ. ಒಂದು ಕಾರ್ಡಿಗೆ ಎರಡು ಪುಸ್ತಕ ಕೊಡ್ತಾರೆ, ಮೂರೇ ಶನಿವಾರದಲ್ಲಿ ಆರು ಭಾಗ ಮುಗೀತು, ನಾಲ್ಕನೇ ಶನಿವಾರ ಕಪಾಟಿನ ಮುಂದೆ ನಿಂತು ಅಲ್ಲಿಂದಲೇ ನನ್ನ ಕೂಗಿದ್ಲು (ನಮ್ಮ ಕಡೆ ಅಮ್ಮಂಗೆ ಆಯಿ ಅಂತೀವಿ), ‘ಆಯಿ, ಏಳು ಇಲ್ಲೆ. ಎಂಟು ಇದ್ದು, ಏಳು ಇಲ್ಲೆ!’

ಕಾದಂಬರಿ ಓದೋರಿಗೆ ಇದು ದೊಡ್ಡ ವಿಷಯ ಅನ್ನಿಸಲ್ಲ, ಒಬ್ಬ ಲೇಖಕರ ಒಂದು ಪುಸ್ತಕ ಇಲ್ಲ ಅಂದ್ರೆ ಇನ್ನೊಂದು ಓದಬಹುದು. ಮಾಂಗಾ ಹಂಗಲ್ಲ. ಜಪಾನಲ್ಲಿ ಇವು ಪತ್ರಿಕೇಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕ ಆಗೋದು, ಹೈಕ್ಯೂ ಒಂದೇ 45 ಭಾಗ, ಒಂದು ಮ್ಯಾಚೇ ಎರಡು ಮೂರು ಪುಸ್ತಕ ನಡೆಯತ್ತೆ. ಬಾಲ್ ಮೇಲಕ್ಕೆ ಹೋಯ್ತು ಅಂತ ಒಂದು ಪುಸ್ತಕ ಮುಗಿದ್ರೆ ಅದು ಕೆಳಗೆ ಬೀಳೋದು ಮುಂದಿನದ್ರಲ್ಲಿ. ಮಧ್ಯ ಒಂದು ಕಿತ್ತು ಹೋದ್ರೆ ಅದರ ಮುಂದಿನ ಪುಸ್ತಕಗಳೆಲ್ಲ ಕಪಾಟಲ್ಲಿ ಇದ್ದೂ ಇಲ್ಲದ ಹಾಗೆ.

‘ಒಂದು ಪುಸ್ತಕ ಅಲ್ವಾ, ಕೊಂಡ್ಕೊಳ್ಳಿ’ ಅಂತ ಅಕ್ಕಪಕ್ಕದವರು ಹೇಳಿದ್ರು. ನಾನು ಸೊಸೈಟಿಲಿ ಕೌಂಟರ್ ಕೆಲಸ ಮಾಡೋದು, ಒಂದು ಭಾಗಕ್ಕೆ 400 ರೂಪಾಯಿ ಹಿಡಿದ್ರೂ ಇಡೀ ಸೆಟ್ಟಿಗೆ 18 ಸಾವಿರ ಆಗತ್ತೆ, ಅದಕ್ಕೇ ಅಲ್ವಾ ಲೈಬ್ರರಿಗೆ ಹೋಗಿದ್ದು. ಆದ್ರೂ ಆ ಏಳನ್ನ ಮಾತ್ರ ಆನ್‌ಲೈನಲ್ಲಿ ಹುಡುಕಿದೆ, ಆಗ ಸ್ಟಾಕ್ ಇರ್ಲಿಲ್ಲ, ಇದ್ದ ಒಂದು ಕಡೆ ಡಬಲ್ ರೇಟು. ಬಿಟ್ಟೆ.

ಏಳು ಎಲ್ಲಿ ಹೋಯ್ತು ಅಂತ ಕಂಡುಹಿಡಿದಿದ್ದು ಮಗಳೇ. ಬೋರ್ಡಿನ ಪಟ್ಟಿ ನೋಡಿ ನಾವು ‘ವಿಸ್ಪರ್ ಆಫ್ ದಿ ಹಾರ್ಟ್’ ಅನ್ನೋ 1995ರ ಸಿನಿಮಾ ನೋಡಿದ್ವಿ, ಅದ್ರಲ್ಲಿ ಒಬ್ಬ ಹುಡುಗಿ ಲೈಬ್ರರಿಯಿಂದ ತರೋ ಪುಸ್ತಕದ ಚೀಟಿಗಳಲ್ಲೆಲ್ಲ ಅವಳಿಗಿಂತ ಮೊದಲೇ ಒಬ್ಬ ಹುಡುಗನ ಹೆಸರು ಇರತ್ತೆ. ನಮ್ಮ ಲೈಬ್ರರಿಲೂ ಇನ್ನೂ ಚೀಟಿ ಪದ್ಧತಿನೇ. ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ ಜೇಬಲ್ಲಿ ಒಂದು ಚೀಟಿ ಇರತ್ತೆ, ನಾವು ಪುಸ್ತಕ ತಗೊಂಡ್ರೆ ಆ ಚೀಟಿನ ನಮ್ಮ ಟಿಕೆಟ್ ಒಳಗೆ ಸೇರಿಸಿ, ವಾಪಸ್ ಕೊಡೋ ತಾರೀಖಿನ ಪ್ರಕಾರ ಮರದ ಟ್ರೇಲಿ ನಿಲ್ಲಿಸಿಡ್ತಾರೆ. ‘ಹಂಗಾದ್ರೆ ಏಳರ ಚೀಟಿ ಟ್ರೇಲಿ ಇರ್ಬೇಕಲ್ಲ ಮೇಡಂ?’ ಅಂತ ಇವಳು ಕೇಳಿದ್ಲು. ಮೇಡಂ ಹುಡುಕಿದ್ರು. ಟ್ರೇಯ ಕಟ್ಟಕಡೆಗೆ, ಅಂಚು ಮಡಚಿ ಬಣ್ಣ ಮಾಸಿ ನಿಂತಿತ್ತು, ಕೊಡಬೇಕಾದ ತಾರೀಖು ದಾಟಿ 14 ತಿಂಗಳು. ಯಾರು ಒಯ್ದಿದ್ದು ಅಂತ ಮೇಡಂ ಹೆಸರು ಹೇಳ್ಲಿಲ್ಲ, ಅದು ಸರಿ. ಟ್ರಾನ್ಸ್‌ಫರ್ ಆಗಿ ಊರು ಬಿಟ್ಟಿದಾರೆ ಅಂತಷ್ಟೇ ಹೇಳಿದ್ರು.

ಕಪಾಟು ಹುಟ್ಟಿದ ಕಥೆನೂ ಅವತ್ತೇ ಗೊತ್ತಾಗಿದ್ದು. ಕಾರವಾರದ ಕಡೆ ನೇವಿ, ಕೈಗಾ ಅಂತ ಹೊರಗಿನಿಂದ ಬಂದಿರೋ ಫ್ಯಾಮಿಲಿ ಬಹಳ, ಟ್ರಾನ್ಸ್‌ಫರ್ ಆದಾಗ ಸಾಮಾನಿನ ಭಾರ ಕಡಿಮೆ ಮಾಡೋಕೆ ಮಕ್ಕಳ ಪುಸ್ತಕದ ರಟ್ಟಿನ ಡಬ್ಬಿ ಲೈಬ್ರರಿಗೆ ಕೊಟ್ಟು ಹೋಗ್ತಾರೆ. ನಮ್ಮ ಮಾಂಗಾ ಹೆಚ್ಚಿನವು ಹಂಗೇ ಬಂದಿದ್ದು, ಅದಕ್ಕೇ ಒಂದು ಸರಣಿ ಮೂರರಿಂದ ಶುರು, ಇನ್ನೊಂದು ಹನ್ನೊಂದಕ್ಕೆ ನಿಂತಿದೆ.

ಟ್ರಾನ್ಸ್‌ಫರಿಂದ ಬಂದ ಕಪಾಟು, ಟ್ರಾನ್ಸ್‌ಫರಿಂದಲೇ ತೂತು ಬಿದ್ದಿದೆ. ಇದು ಅರ್ಥ ಆದ್ಮೇಲೂ ನಂಗೆ ಸಿಟ್ಟು ಹೋಗಿರ್ಲಿಲ್ಲ. ಆಸ್ತಿ ತೆರಿಗೆ ಜೊತೆ ನಾವೆಲ್ಲ 6% ಗ್ರಂಥಾಲಯ ಕರ ಕಟ್ತೀವಿ, ಅದ್ರಲ್ಲಿ ಮಕ್ಕಳು ನಿಜವಾಗ್ಲೂ ಕೇಳೋ ಒಂದು ಪುಸ್ತಕ ತರೋಕಾಗಲ್ವಾ? ಅರ್ಜಿ ಬರೆದು ಕೊಟ್ಟೆ, ಉತ್ತರ ಬರ್ಲಿಲ್ಲ.

ಇನ್ನೊಂದು ದೂರು, ವಯಸ್ಸಿಂದು. ಇಂಗ್ಲಿಷ್ ಮಾಂಗಾದ ಹಿಂದೆ ಚಿಕ್ಕದಾಗಿ ಅಕ್ಷರ ಇರತ್ತೆ, ಟಿ ಅಂದ್ರೆ 13 ಮೇಲೆ, ಟಿ ಪ್ಲಸ್ ಅಂದ್ರೆ 16 ಮೇಲೆ, ಎಂ ಅಂದ್ರೆ 18. ನಮ್ಮಲ್ಲಿ ಜೋಡಿಸಿದ್ದು ಪುಸ್ತಕದ ಎತ್ತರ ನೋಡಿ. ‘ಡೆತ್ ನೋಟ್’ ಟಿ ಪ್ಲಸ್, ಅದು ಐದನೇ ಕ್ಲಾಸಿನ ಮಕ್ಕಳ ಕೈಗೆ ಎಟುಕೋ ಸಾಲಲ್ಲಿತ್ತು. ಬೋರ್ಡಿನ ಪಟ್ಟಿನೂ ಹಂಗೇ, ಒಂದು ತಿಂಗಳು ‘ಮೈ ನೇಬರ್ ಟೊಟೊರೊ’ ಕೆಳಗೆ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅಂತ ಬರೆದಿದ್ರು, ಪಕ್ಕದಲ್ಲಿ ಒಂದು ಮಾತಿಲ್ಲ. ಎರಡೂ ಒಂದೇ ಸ್ಟುಡಿಯೋದ್ದು, 1988ರಲ್ಲಿ ಜಪಾನಲ್ಲಿ ಜೋಡಿಯಾಗೇ ಬಿಡುಗಡೆ ಮಾಡಿದ್ರಂತೆ, ಆದ್ರೆ ಒಂದು ಕಾಡಿನ ಪ್ರಾಣಿ ಜೊತೆ ಮಕ್ಕಳು ಆಡೋ ಕಥೆ, ಇನ್ನೊಂದು ಯುದ್ಧದಲ್ಲಿ ಅನಾಥ ಆದ ಅಣ್ಣ ತಂಗಿ ಹಸಿವಿಂದ ಸಾಯೋ ಕಥೆ. ಟೊಟೊರೊ ಥರದ್ದೇ ಇರತ್ತೆ ಅಂತ ಕೂತ್ವಿ, ಮಗಳು ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಸಿನಿಮಾ ಕೆಟ್ಟದಲ್ಲ, ಬಹಳ ದೊಡ್ಡ ಸಿನಿಮಾ ಅದು, ದೊಡ್ಡೋರು ಪಕ್ಕದಲ್ಲಿ ಕೂತು ನೋಡಿ ಅಂತ ಒಂದು ಸಾಲು ಬೇಕಿತ್ತು.

ಇಷ್ಟಾದ್ರೂ ಕಾರ್ಡ್ ಬಿಡ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಅದು ನಮ್ಮನೆ ಶನಿವಾರ ಆಗಿಹೋಗಿತ್ತು. ಮಧ್ಯಾಹ್ನ ಊಟ ಮಾಡಿ ಕೆಂಪು ಬಸ್ಸಿಗೆ ಹೋಗೋದು, ಮಳೆಗಾಲದಲ್ಲಿ ಕೊಡೆನ ಬಾಗಿಲ ಹತ್ರದ ಬಕೆಟ್ಟಲ್ಲಿ ಇಡೋದು, ಕೈ ಒರೆಸ್ಕೊಂಡೇ ಪುಸ್ತಕ ಮುಟ್ಟೋದು. ಮಾಂಗಾದ ಕಾಗದ ಒರಟು, ನಮ್ಮ ಕರಾವಳಿ ತೇವಕ್ಕೆ ಜುಲೈ ಅನ್ನೋದ್ರೊಳಗೆ ಉಬ್ಬಿ ಪುಸ್ತಕ ಮುಚ್ಚೋದೇ ಇಲ್ಲ. ಮನೇಲಿ ನಾವು ಅದನ್ನ ಎರಡು ಪ್ಲಾಸ್ಟಿಕ್ ಕವರಿನಿಂದ ಬಿಚ್ಚಿ, ಇನ್ವರ್ಟರ್ ಮೇಲೆ ಹಳೇ ಟವೆಲ್ ಹಾಸಿ ಇಡ್ತೀವಿ, ಅಲ್ಲಿ ಸ್ವಲ್ಪ ಬೆಚ್ಚಗಿರತ್ತೆ, ರಾತ್ರಿ ಅಷ್ಟೊತ್ತಿಗೆ ಹಾಳೆ ಗರಿಗರಿ ಅಂತ ತಿರುಗತ್ತೆ. ಸಿನಿಮಾ ನೋಡೋದು ನೆಟ್‌ಫ್ಲಿಕ್ಸಿನ 149 ರೂಪಾಯಿ ಮೊಬೈಲ್ ಪ್ಲಾನಲ್ಲಿ, ಟಿವಿಗೆ ಬರಲ್ಲ, ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಮೂರು ತಲೆ ಒಂದೇ ಕಡೆ ಸೇರಿಸೋದು, ನಾನು, ಮಗಳು, ಶಿರಸಿಯಿಂದ ಬಂದಾಗ ನನ್ನ ಆಯಿ. ‘ಎಂತದೇ ಕೂಸೇ, ಪುಸ್ತಕನ ಹಿಂದಿಂದ ಓದ್ತ್ಯನೇ?’ ಅಂತ ಆಯಿ ಮೊದಲ ದಿನ ಗಾಬರಿಯಾಗಿದ್ರು. ‘ಅಜ್ಜಿ, ಇದು ಹಿಂಗೇ ಓದದು’ ಅಂತ ಇವಳು ಬಲಗಡೆ ಮೇಲಿನ ಚೌಕಕ್ಕೆ ಅವರ ಬೆರಳು ಹಿಡಿದು ಇಟ್ಟು, ಅಲ್ಲಿಂದ ಎಡಕ್ಕೆ, ಕೆಳಕ್ಕೆ ಓಡಿಸಿದ್ಲು. ಆಯಿಗೆ ಇಂಗ್ಲಿಷ್ ಬರಲ್ಲ, ಇವಳು ಕನ್ನಡದಲ್ಲಿ ಹೇಳ್ತಾ ಹೋದ್ಲು, ತೆಜುಕಾ ಬರೆದ ‘ಬುದ್ಧ’ ಎಂಟೂ ಭಾಗ ಹಂಗೇ ಮುಗಿಸಿದ್ರು.

ನಾನು ಪೂರ್ತಿ ಓದಿದ ಮೊದಲ ಮಾಂಗಾ ‘ಎ ಸೈಲೆಂಟ್ ವಾಯ್ಸ್’. ಏಳೇ ಭಾಗ, ನಮ್ಮಲ್ಲಿ ಏಳೂ ಇದೆ. ಕಿವಿ ಕೇಳದ ಹುಡುಗಿನ ಪ್ರೈಮರಿಲಿ ಕಾಡಿಸಿದ ಹುಡುಗ ಆಮೇಲೆ ಸೈನ್ ಭಾಷೆ ಕಲಿತು ಅವಳನ್ನ ಹುಡುಕಿ ಹೋಗ್ತಾನೆ. ಸಾಯೋ ಯೋಚನೆಯ ವಿಷಯ ಬರತ್ತೆ, ಮಕ್ಕಳ ಜೊತೆ ಮನೆಯವರೂ ಓದಿ. ಅದನ್ನ ಓದಿದ ಮೇಲೆ ಮಗಳು ತನ್ನ ಕ್ಲಾಸಲ್ಲಿ ನಡೀತಿದ್ದ ಒಂದು ವಿಷಯ ನಂಗೆ ಹೇಳಿದ್ಲು, ಆರು ತಿಂಗಳಿಂದ ಬಾಯಿ ಬಿಟ್ಟಿರ್ಲಿಲ್ಲ. ಅದು ಅವಳ ವಿಷಯ, ಇಲ್ಲಿ ಬರೆಯಲ್ಲ.

ಕಳೆದ ವರ್ಷ ದಸರಾ ರಜೆ ಮುಗಿದ ಶನಿವಾರ ಹೋದಾಗ, ಹೈಕ್ಯೂ ಆರಕ್ಕೂ ಎಂಟಕ್ಕೂ ಮಧ್ಯ ಏನೋ ತೆಳ್ಳಗೆ ನಿಂತಿತ್ತು. 100 ಪುಟದ ಗೆರೆ ನೋಟ್‌ಬುಕ್ಕು, ಖಾಕಿ ಬೈಂಡ್ ಹಾಕಿ, ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ‘7’ ಅಂತ ಸ್ಕೆಚ್ ಪೆನ್ನಲ್ಲಿ ಬರೆದಿತ್ತು. ಒಬ್ಬ ಹುಡುಗ ಬೆಂಗಳೂರಲ್ಲಿ ಅವನ ಅತ್ತೆ ಮನೇಲಿ ಏಳನೇ ಭಾಗ ಓದಿ, ಇಡೀ ಕಥೆನ ಕನ್ನಡದಲ್ಲಿ ಬರೆದು ತಂದು ಇಟ್ಟಿದ್ದ. ಅದೂ ಹಿಂದಿನ ಹಾಳೆಯಿಂದ ಶುರು ಮಾಡಿ, ಬಲದಿಂದ ಎಡಕ್ಕೆ ಚೌಕ ಹಾಕಿ. ಕೈ ಕಾಲು ಸರಿ ಬಂದಿಲ್ಲ, ಮುಖ ಎಲ್ಲ ಒಂದೇ ಥರ, ಯಾರು ಅಂತ ಗೊತ್ತಾಗ್ಲಿ ಅಂತ ಜರ್ಸಿ ಮೇಲೆ ಹೆಸರು ಬರೆದಿದಾನೆ. ಆದ್ರೆ ಬಾಲ್ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಪ್ರತಿ ಚೌಕದಲ್ಲೂ ಕೆಂಪು ಪೆನ್ನಲ್ಲಿ ಚುಕ್ಕಿ ಚುಕ್ಕಿ ಗೆರೆ, ಒಂದು ಹಾಳೆಯಲ್ಲಿ ಆ ಗೆರೆ ಅಂಚು ದಾಟಿ ಮುಂದಿನ ಹಾಳೆಗೆ ಹೋಗಿ ಅಲ್ಲಿ ಬೀಳತ್ತೆ. ಮೇಡಂ ಅದಕ್ಕೂ ಹಿಂದೆ ಜೇಬು ಅಂಟಿಸಿ, ಚೀಟಿ ಹಾಕಿ, ನಂಬರ್ ಕೊಟ್ಟಿದ್ರು.

ಮಗಳು ಅಲ್ಲೇ ನೆಲದ ಮೇಲೆ ಕೂತು ಓದಿದ್ಲು. ನಾನು ಕಾದೆ, ಸಂಜೆ ಬಸ್ಸು ಹೋಯ್ತು, ಮುಂದಿನದಕ್ಕೆ ಹೋದ್ವಿ. ಕೈಯಲ್ಲಿ ಎಂಟು ಮತ್ತೆ ಒಂಬತ್ತು ಇತ್ತು.

ಅಂಕ ಕೊಡೋದಾದ್ರೆ ಕಪಾಟಿಗೆ ಐದಕ್ಕೆ ಮೂರು. ಸಾಲು ಈಗ ವಯಸ್ಸಿನ ಪ್ರಕಾರ ಜೋಡಿಸಿದಾರೆ, ಅದಕ್ಕೆ ಅರ್ಧ ಸೇರಿಸ್ತೀನಿ. ಆ ನೋಟ್‌ಬುಕ್ಕಿಗೆ ಪೂರ್ತಿ ಐದು, ಈ ಸಲ ಮಳೆಗಾಲದಲ್ಲಿ ಅದು ನಮ್ಮನೆಗೆ ಬಂದಾಗ ಇನ್ವರ್ಟರ್ ಮೇಲೆ ಎಲ್ಲಕ್ಕಿಂತ ಮೊದಲು ಅದನ್ನೇ ಇಟ್ಟಿದ್ದು.

ಹೈಕ್ಯೂ 19, 20 ಇನ್ನೂ ಇಲ್ಲ, 32ರ ನಂತರ ಯಾವುದೂ ಇಲ್ಲ. 19ನ್ನ ಮಗಳು ಹುಬ್ಬಳ್ಳಿಲಿ ಗೆಳತಿ ಮನೇಲಿ ಓದಿ ಬಂದು ಬರೀತಾ ಕೂತಿದಾಳೆ, ಇವತ್ತಿಗೆ 38 ಪುಟ ಆಗಿದೆ. ಕಾರವಾರದಿಂದ ಟ್ರಾನ್ಸ್‌ಫರ್ ಆಗಿ ಹೋಗೋರು ಯಾರಾದ್ರೂ ಇದನ್ನ ಓದ್ತಿದ್ರೆ, ಡಬ್ಬಿ ಕಟ್ಟೋ ಮುಂಚೆ ಮಕ್ಕಳ ಕಪಾಟು ಒಂದ್ಸಲ ನೋಡಿ, 20 ಇದ್ರೆ ನಿಮ್ಮ ಹತ್ರದ ಲೈಬ್ರರಿ ಕೌಂಟರಲ್ಲಿ ಕೊಟ್ಟು ಹೋಗಿ. ಸೋಮವಾರ ರಜೆ.