ಆಪರೇಷನ್ ಐವಿಯ 27 ಹಾಡುಗಳು: ಯಾವ ಡಿಸ್ಕ್ ಕೊಳ್ಳಬೇಕು, ಹೇಗೆ ಕೇಳಬೇಕು

ಜಮೈಕಾದ ಸ್ಕಾ ಲಯಕ್ಕೆ ಪಂಕ್ ರಾಕ್ ಬೆರೆಸಿದ ಸ್ಕಾ ಪಂಕ್ ಅಂದರೆ ಟ್ರಂಪೆಟ್, ಟ್ರಂಬೋನ್‌ಗಳ ಸಂಭ್ರಮ ಅಂದುಕೊಂಡು ಈ ಡಿಸ್ಕ್ ಹಾಕಿದರೆ ಮೊದಲ ಹಾಡಿಗೇ ಅನುಮಾನ ಶುರುವಾಗುತ್ತದೆ. ಆಪರೇಷನ್ ಐವಿ ಎಂಬ ಈ ಅಮೆರಿಕನ್ ಬ್ಯಾಂಡಿನಲ್ಲಿ ಊದುವಾದ್ಯದವರೇ ಇರಲಿಲ್ಲ. ಇದ್ದದ್ದು ನಾಲ್ಕೇ ಜನ: ಹಾಡಲು ಜೆಸ್ಸಿ ಮೈಕಲ್ಸ್, ಗಿಟಾರಿಗೆ ಆಗ ಲಿಂಟ್ ಎಂದು ಕರೆಸಿಕೊಳ್ಳುತ್ತಿದ್ದ ಟಿಮ್ ಆರ್ಮ್‌ಸ್ಟ್ರಾಂಗ್, ಬೇಸ್‌ಗೆ ಮ್ಯಾಟ್ ಫ್ರೀಮನ್, ಡ್ರಮ್ಸ್‌ಗೆ ಡೇವ್ ಮೆಲ್ಲೊ. 'ಬ್ಯಾಡ್ ಟೌನ್' ಹಾಡಿನಲ್ಲಿ ಹೊರಗಿನಿಂದ ಬಂದ ಸ್ಯಾಕ್ಸೋಫೋನ್ ಕೇಳುತ್ತದೆ, ಅಷ್ಟೆ. ಊದುವವರು ಮಾಡಬೇಕಾದ ಕೆಲಸವನ್ನೆಲ್ಲ ಇಲ್ಲಿ ಬೇಸ್ ಹೊತ್ತುಕೊಂಡಿದೆ. ಆ ಬೇಸ್ ಕಿವಿಗೆ ಬಿದ್ದರೆ ಬ್ಯಾಂಡ್ ಹಿಡಿಸುತ್ತದೆ, ಬೀಳದಿದ್ದರೆ ಬರೀ ಕಿರುಚಾಟ ಅನ್ನಿಸುತ್ತದೆ.

ಬ್ಯಾಂಡಿನ ಆಯುಷ್ಯ ಎರಡೇ ವರ್ಷ. 1987ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾಗಿ, 1989ರ ಮೇ 28ರಂದು ಅದೇ ಊರಿನ 924 ಗಿಲ್ಮನ್ ಸ್ಟ್ರೀಟ್ ಎಂಬ ಪಂಕ್ ತಾಣದಲ್ಲಿ ಕೊನೆಯ ಅಧಿಕೃತ ಕಾರ್ಯಕ್ರಮ ಕೊಟ್ಟು ಮುಗಿಸಿತು. ಹೆಸರು ಬಂದದ್ದು 1952ರಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ. ಬ್ಯಾಂಡ್ ಇದ್ದಾಗ ಹೊರಬಂದ ಮುಖ್ಯ ಧ್ವನಿಮುದ್ರಣ ಮೂರು. 1987ರಲ್ಲಿ 'ಟರ್ನ್ ಇಟ್ ಅರೌಂಡ್' ಎಂಬ ಹಲವು ಬ್ಯಾಂಡ್‌ಗಳ ಸಂಕಲನಕ್ಕೆ ಎರಡು ಹಾಡು, 1988ರಲ್ಲಿ ಆರು ಹಾಡುಗಳ ಏಳಿಂಚಿನ ಗ್ರಾಮಫೋನ್ ತಟ್ಟೆ 'ಹೆಕ್ಟಿಕ್', 1989ರಲ್ಲಿ ಹತ್ತೊಂಬತ್ತು ಹಾಡುಗಳ ಪೂರ್ಣ ಆಲ್ಬಮ್ 'ಎನರ್ಜಿ'. ಕೊನೆಯ ಎರಡೂ ಲುಕ್‌ಔಟ್ ರೆಕಾರ್ಡ್ಸ್ ಎಂಬ ಕಂಪನಿಯವು. ಬ್ಯಾಂಡ್ ಒಡೆದ ಮೇಲೆ, 1991ರಲ್ಲಿ, ಈ 27 ಹಾಡುಗಳನ್ನೂ ಒಂದೇ ಸಿ.ಡಿ.ಗೆ ಸೇರಿಸಿ ಬ್ಯಾಂಡಿನ ಹೆಸರಿನಲ್ಲೇ ಬಿಡುಗಡೆ ಮಾಡಿದರು. ಕೊಳ್ಳಬೇಕಾದದ್ದು ಅದನ್ನೇ.

ಆದರೆ ಡಿಸ್ಕಿನಲ್ಲಿ ಹಾಡುಗಳ ಕ್ರಮ ತಲೆಕೆಳಗು. 1ರಿಂದ 19ರವರೆಗೆ 'ಎನರ್ಜಿ', 20ರಿಂದ 25ರವರೆಗೆ 'ಹೆಕ್ಟಿಕ್', ಸಂಕಲನದ 'ಆಫೀಸರ್' ಮತ್ತು 'ಐ ಗಾಟ್ ನೋ' ಕಟ್ಟಕಡೆಗೆ. ನೇರವಾಗಿ ಕೇಳುತ್ತಾ ಹೋದರೆ ಬ್ಯಾಂಡ್ ದಿನೇ ದಿನೇ ಕಚ್ಚಾ ಆಗುತ್ತಿದೆಯೇನೋ ಅನ್ನಿಸುತ್ತದೆ. ಮೊದಲು 26, 27. ಆಮೇಲೆ 20ರಿಂದ 25. ಕೊನೆಗೆ 1ರಿಂದ 19. ಹೀಗೆ ಕೇಳಿದರೆ ಎರಡು ವರ್ಷದೊಳಗೆ ಈ ಹುಡುಗರ ಕೈ ಎಷ್ಟು ಪಳಗಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಷಫಲ್‌ನಲ್ಲಿ ಮಾತ್ರ ಹಾಕಬೇಡಿ. ಬೇರೆ ಬೇರೆ ಸಲ ಮುದ್ರಿಸಿದ ಹಾಡುಗಳ ನಾದ ಒಂದರ ಪಕ್ಕ ಒಂದು ಹೊಂದುವುದಿಲ್ಲ.

ಧ್ವನಿಮುದ್ರಣದ ಗುಣಮಟ್ಟವೇ ಹೆಚ್ಚಿನವರ ದೂರು. ಅದು ಸುಳ್ಳಲ್ಲ. 'ಎನರ್ಜಿ'ಯನ್ನು ಗಿಲ್ಮನ್ ಸಭಾಂಗಣದಲ್ಲೇ ಮುದ್ರಿಸುವ ಮೊದಲ ಪ್ರಯತ್ನ ಕೈಗೂಡದೆ, ಸ್ಯಾನ್ ಫ್ರಾನ್ಸಿಸ್ಕೋದ ಸ್ಟುಡಿಯೊ ಒಂದರಲ್ಲಿ ಕೆವಿನ್ ಆರ್ಮಿ ಮತ್ತೆ ಮುದ್ರಿಸಬೇಕಾಯಿತು. ಹಾಗಿದ್ದೂ ನಾದ ತೆಳು. ಗಿಟಾರ್ ಗರಗರ ಅನ್ನುತ್ತದೆ, ಸ್ನೇರ್ ಡ್ರಮ್ ಡಬ್ಬ ಬಡಿದಂತಿದೆ, ಮೈಕಲ್ಸ್‌ನ ಒಡಕು ಗಂಟಲಿನಲ್ಲಿ ಅರ್ಧ ಮಾತು ನುಂಗಿಹೋಗುತ್ತದೆ. ಸಾಹಿತ್ಯದ ಹಾಳೆ ಎದುರಿಗಿಟ್ಟುಕೊಂಡು ಕೇಳುವುದು ವಾಸಿ, ಏಕೆಂದರೆ ಸಾಲುಗಳು ಅಷ್ಟು ಅಗ್ಗದವಲ್ಲ. ಇಷ್ಟಾದರೂ ಇದನ್ನು ನಯಗೊಳಿಸಿ ಮುದ್ರಿಸಿದ್ದರೆ ಚೆನ್ನಾಗಿರುತ್ತಿತ್ತು ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹಾಡುಗಳು ಹೆಚ್ಚಿನವು ಎರಡು ನಿಮಿಷದ ಆಸುಪಾಸಿನವು. ಆ ಅವಸರಕ್ಕೆ ಈ ಒರಟುತನವೇ ಸರಿ.

ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡುವವರ ಜೊತೆ ವಾದಿಸಿ ಫಲವಿಲ್ಲ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಫೋನಿನ ಸಣ್ಣ ಸ್ಪೀಕರ್ ಇನ್ನೂರು ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಹೊರಡಿಸದು. ಅಲ್ಲಿಗೆ ಫ್ರೀಮನ್ ಬ್ಯಾಂಡಿನಿಂದ ಹೊರಗೆ. ಹೆಡ್‌ಫೋನ್ ಹಾಕಿ, ಈಕ್ವಲೈಸರ್ ಇದ್ದರೆ 80ರಿಂದ 120 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಏರಿಸಿ, 3ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಡೆಸಿಬೆಲ್ ಇಳಿಸಿ. ಗಿಟಾರಿನ ಚುಚ್ಚು ಕಡಿಮೆಯಾಗುತ್ತದೆ, ಬೇಸ್ ಮುಂದೆ ಬರುತ್ತದೆ. ಇದಕ್ಕಿಂತ ಹೆಚ್ಚು ಏರಿಸಿದರೆ ಕಿಕ್ ಡ್ರಮ್ಮೂ ಬೇಸೂ ಕಲಸಿ ಗಂಜಿಯಾಗುತ್ತವೆ.

ಈ ಸಂಗೀತದ ಕೀಲಿ ಇರುವುದು ಗಿಟಾರಿಸ್ಟ್‌ನ ಬಲಗೈಯಲ್ಲಿ. ಒಂದು, ಎರಡು, ಮೂರು, ನಾಲ್ಕು ಎಂದು ಕೈತಟ್ಟಿ ಎಣಿಸಿ. ಸ್ಕಾ ಗಿಟಾರ್ ಬೀಳುವುದು ತಟ್ಟಿನ ಮೇಲಲ್ಲ, ಎರಡು ತಟ್ಟುಗಳ ನಡುವೆ. ಕೈ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಅದೂ ಸಣ್ಣ ಮೂರು ನಾಲ್ಕು ತಂತಿಗಳನ್ನಷ್ಟೇ. ತಕ್ಷಣ ಎಡಗೈಯ ಒತ್ತು ಸಡಿಲಿಸಿ ಸ್ವರವನ್ನು ಕತ್ತರಿಸಬೇಕು. ಹೊಸಬರ ಕೈಯಲ್ಲಿ ಇದು ಕೆಡುವುದು ಇಲ್ಲೇ: ಆರೂ ತಂತಿ ಬಾರಿಸುತ್ತಾರೆ, ಸ್ವರವನ್ನು ಉಳಿಯಲು ಬಿಡುತ್ತಾರೆ. ಆಗ ಬೇಸ್ ಓಡಾಡುವ ಜಾಗವನ್ನು ಗಿಟಾರೇ ತುಂಬಿಬಿಡುತ್ತದೆ. ವೇಗ ಹೆಚ್ಚಿದಂತೆ ಕೈ ಬಿಗಿಯಾಗಿ, ನಡುವಿನ ಹೊಡೆತ ಜಾರಿ ತಟ್ಟಿನ ಮೇಲೇ ಬಿದ್ದು, ಸ್ಕಾ ಸ್ಕಾ ಆಗಿ ಉಳಿಯುವುದಿಲ್ಲ. ಲಿಂಟ್‌ನ ವಿಶೇಷ ಎಂದರೆ ಸ್ಕಾ ಭಾಗದಲ್ಲೂ ಡಿಸ್ಟಾರ್ಷನ್‌ನ, ಅಂದರೆ ಸ್ವರವನ್ನು ಬೇಕೆಂದೇ ಒಡೆದು ಗರಗರಗೊಳಿಸುವುದರ, ಕೊಳೆಯನ್ನು ಪೂರ್ತಿ ತೊಳೆಯುವುದಿಲ್ಲ. ಹೊಡೆತ ಅಷ್ಟು ಚುಟುಕಾಗಿರುವುದರಿಂದ ಅದು ನಡೆದುಹೋಗುತ್ತದೆ, ಪಂಕ್ ಭಾಗಕ್ಕೆ ಹೊರಳುವಾಗ ಪೆಡಲ್ ಒತ್ತಿದ ಸಪ್ಪಳವೂ ಬೇಕಾಗುವುದಿಲ್ಲ.

ಇದನ್ನು ಪರೀಕ್ಷಿಸಲು 'ಸೌಂಡ್ ಸಿಸ್ಟಮ್' ಮತ್ತು 'ಯೂನಿಟಿ' ಸಾಕು. ಗಿಟಾರ್ ಕತ್ತರಿಸುತ್ತಾ ಹೋಗುತ್ತದೆ, ಬೇಸ್ ಮಾತ್ರ ಒಂದು ಕಡೆ ನಿಲ್ಲದೆ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತದೆ. ಬೇರೆ ಪಂಕ್ ಬ್ಯಾಂಡ್‌ಗಳಲ್ಲಿ ಬೇಸ್ ಗಿಟಾರಿನ ನೆರಳು. ಇಲ್ಲಿ ರಾಗ ಇರುವುದೇ ಅದರ ಬಳಿ. 'ನಾಲೆಡ್ಜ್', 'ರೂಮ್ ವಿದೌಟ್ ಎ ವಿಂಡೋ' ಅಪ್ಪಟ ಪಂಕ್. ಇವುಗಳಲ್ಲಿ ಮೊದಲನೆಯದನ್ನು ಗ್ರೀನ್ ಡೇ ಬ್ಯಾಂಡ್ 1990ರ 'ಸ್ಲ್ಯಾಪಿ' ಎಂಬ ತನ್ನ ಚಿಕ್ಕ ತಟ್ಟೆಯಲ್ಲಿ ಹಾಡಿದೆ. ಗ್ರೀನ್ ಡೇಯದು ಅಚ್ಚುಕಟ್ಟು, ಮೂಲದ್ದು ಹಸಿವಿನದ್ದು. 'ಎನರ್ಜಿ'ಯ ಕೊನೆಯ ಮೂರನೇ ಒಂದು ಭಾಗ ಒಂದೇ ಉಸಿರಿನಲ್ಲಿ ಕೇಳಿದರೆ ಹಾಡುಗಳು ಒಂದರಂತೆ ಇನ್ನೊಂದು ಅನ್ನಿಸುವುದು ನಿಜ. ಹತ್ತೊಂಬತ್ತರ ಬದಲು ಹದಿನೈದು ಇದ್ದಿದ್ದರೆ ಆಲ್ಬಮ್ ಇನ್ನೂ ಗಟ್ಟಿಯಾಗುತ್ತಿತ್ತು.

ಇನ್ನು ಮುದ್ರಣಗಳ ವಿಷಯ. ರಾಯಲ್ಟಿ ಬಾಕಿಯ ಕಾರಣಕ್ಕೆ 2006ರಲ್ಲಿ ಬ್ಯಾಂಡ್ ತನ್ನ ಹಾಡುಗಳನ್ನು ಲುಕ್‌ಔಟ್‌ನಿಂದ ಹಿಂಪಡೆಯಿತು. 2007ರಲ್ಲಿ ಆರ್ಮ್‌ಸ್ಟ್ರಾಂಗ್‌ನದೇ ಹೆಲ್‌ಕ್ಯಾಟ್ ರೆಕಾರ್ಡ್ಸ್ ಮರುಬಿಡುಗಡೆ ಮಾಡಿತು. ಕೇಳುವುದಷ್ಟೇ ಉದ್ದೇಶವಾದರೆ ಹೆಲ್‌ಕ್ಯಾಟ್‌ನದು ಸಾಕು. ಲುಕ್‌ಔಟ್‌ನ ಹಳೆಯ ಪ್ರತಿ ಸಂಗ್ರಹಕಾರರಿಗೆ. 'ಹೆಕ್ಟಿಕ್' ಏಳಿಂಚಿನ ತಟ್ಟೆ ನೋಡಲು ಮುದ್ದಾಗಿದೆ, ಆದರೆ ಒಂದು ಬದಿಗೆ ಮೂರು ಹಾಡು ತುರುಕಿದಾಗ ಗೀರುಗಳು ಇಕ್ಕಟ್ಟಾಗುತ್ತವೆ, ಶಬ್ದ ತಗ್ಗುತ್ತದೆ, ಬೇಸ್ ಸೊರಗುತ್ತದೆ. ಅಭ್ಯಾಸದ, ವೇದಿಕೆಯ ಟೇಪುಗಳಿಂದ ಮಾಡಿದ ಅನಧಿಕೃತ ಡಿಸ್ಕ್‌ಗಳೂ ಓಡಾಡುತ್ತಿವೆ. 27 ಹಾಡೂ ಬಾಯಿಪಾಠವಾಗುವ ತನಕ ಅವುಗಳ ತಂಟೆಗೆ ಹೋಗಬೇಡಿ.

ಆಮೇಲೆ ಮುಂದಕ್ಕೆ ಕೇಳುವುದಾದರೆ ದಾರಿ ಎರಡು. ಆರ್ಮ್‌ಸ್ಟ್ರಾಂಗ್, ಫ್ರೀಮನ್ 1991ರಲ್ಲಿ ಕಟ್ಟಿದ ರ‍್ಯಾನ್ಸಿಡ್‌ನ 1995ರ 'ಅಂಡ್ ಔಟ್ ಕಮ್ ದ ವುಲ್ವ್ಸ್' ತೆಗೆದುಕೊಳ್ಳಿ: 'ಟೈಮ್ ಬಾಂಬ್'ನಲ್ಲಿ ಅದೇ ಸ್ಕಾ ಕೈ, 'ಮ್ಯಾಕ್ಸ್‌ವೆಲ್ ಮರ್ಡರ್'ನಲ್ಲಿ ಫ್ರೀಮನ್‌ಗೆ ಪೂರ್ತಿ ಬೇಸ್ ಸೋಲೋ, ನಾದವೂ ದಪ್ಪ. ಮೈಕಲ್ಸ್‌ನ ಸಾಲುಗಳು ಹಿಡಿಸಿದವರಿಗೆ ಅವನ ನಂತರದ ಬ್ಯಾಂಡ್ ಕಾಮನ್ ರೈಡರ್‌ನ 1999ರ 'ಲಾಸ್ಟ್ ವೇವ್ ರಾಕರ್ಸ್' ಇದೆ. ಅಲ್ಲಿ ಒಡಕು ಗಂಟಲು ಅದೇ, ಆದರೆ ಮಾತು ಮಾತೂ ಬಿಡಿಸಿ ಕೇಳುತ್ತದೆ.