ಮಾಟುಂಗಾದ ಚಕ್ರ ಧ್ಯಾನದ ಕ್ಲಾಸ್: 12 ವಾರ ಕೂತ ಮೇಲೆ

ನಾನು ಟೇಲರ್. ಮುಂಬೈಯ ಸಯನ್‌ನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, 26 ವರ್ಷ ಆಯಿತು. ಊರು ಕುಂದಾಪುರದ ಹತ್ತಿರ. ಕಳೆದ ದೀಪಾವಳಿ ಸೀಸನ್ ಮುಗಿದ ಮೇಲೆ ನನಗೆ ನಿದ್ದೆಯೇ ಬಾರದಂತಾಯಿತು. ಕಣ್ಣು ಮುಚ್ಚಿದರೆ ಹುಕ್ಕು, ಲೈನಿಂಗ್, ಯಾರಿಗೆ ಯಾವತ್ತು ಕೊಡಬೇಕು ಎನ್ನುವ ಲೆಕ್ಕ. ಡಾಕ್ಟರು ಬಿಪಿ ಮಾತ್ರೆ ಶುರು ಮಾಡಿದರು. ಜೊತೆಗೆ ಧ್ಯಾನ ಏನಾದರೂ ಕಲಿಯಿರಿ ಅಂದರು.

ಮೊದಲು ಹೋಗಿದ್ದು ಬೇರೊಂದು ಕಡೆ, ಎರಡು ದಿನದ ಶಿಬಿರಕ್ಕೆ. 4,500 ರೂಪಾಯಿ. ಬೆನ್ನುಮೂಳೆಯ ಬುಡದಿಂದ ನೆತ್ತಿವರೆಗೆ ಇವೆ ಎನ್ನುವ ಏಳೂ ಚಕ್ರಗಳನ್ನು ಎರಡೇ ದಿನದಲ್ಲಿ ತೆರೆಸುತ್ತೇವೆ ಎಂದಿದ್ದರು. ಕೈಗೆ ಬಣ್ಣದ ಕಲ್ಲು ಕೊಟ್ಟರು. ಬಿಪಿ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಉಸಿರನ್ನು ರಭಸದಿಂದ ಹೊರಹಾಕುವ ಕಪಾಲಭಾತಿ ಜೋರಾಗಿ ಮಾಡಿಸಿದರು. ನನಗೆ ತಲೆ ತಿರುಗಿ ಗೋಡೆ ಹಿಡಿದು ಕೂತೆ. ನಿಜ ಹೇಳುತ್ತೇನೆ, ಮನೆಗೆ ಬಂದು ಅತ್ತುಬಿಟ್ಟೆ. ದುಡ್ಡು ಹೋಯಿತಲ್ಲ ಅಂತ ಅಲ್ಲ. ನನ್ನ ಅಜ್ಜಯ್ಯ ದಿನವೂ ಪೂಜೆಗೆ ಮುಂಚೆ ಭೂತಶುದ್ಧಿ, ಅಂದರೆ ದೇಹದ ಪಂಚಭೂತಗಳನ್ನು ಮನಸ್ಸಿನಲ್ಲೇ ಶುದ್ಧಿ ಮಾಡುವ ಧ್ಯಾನ, ಮಾಡುತ್ತಿದ್ದರು. ಕಣ್ಣು ಮುಚ್ಚಿ ಸುಮ್ನೆ ಕೂತಿದ್ದಾರೆ ಅಂದುಕೊಳ್ಳುತ್ತಿದ್ದೆ ನಾನು. ಅಷ್ಟು ಮೆಲ್ಲಗೆ ಮಾಡುವ ಕೆಲಸವನ್ನು ಇವರು ಹೀಗೆ ಮಾಡಿಬಿಟ್ಟರಲ್ಲ ಅನಿಸಿತು.

ಹಾಗಾಗಿ ಮಾಟುಂಗಾದಲ್ಲಿ ಫೈವ್ ಗಾರ್ಡನ್ಸ್ ಹತ್ತಿರದ ಈ ಕ್ಲಾಸಿಗೆ ಸ್ವಲ್ಪ ಅನುಮಾನದಿಂದಲೇ ಹೋದೆ. ಕಲಿಸುವವರು ಮರಾಠಿಯವರು, ಮೊದಲು ಶಾಲೆಯಲ್ಲಿ ಸಂಸ್ಕೃತ ಟೀಚರ್ ಆಗಿದ್ದವರು. ನಾವೆಲ್ಲ ಮೇಡಂ ಅನ್ನುತ್ತೇವೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ 6.30ಕ್ಕೆ, ತಿಂಗಳಿಗೆ 2,000 ರೂಪಾಯಿ. ಮೊದಲ ದಿನವೇ ಒಂದು ಫಾರ್ಮ್ ಕೊಟ್ಟರು. ಬಿಪಿ, ಆಪರೇಷನ್, ಮಂಡಿ ನೋವು, ಎಲ್ಲ ಬರೆಯಬೇಕು. ನನ್ನದು ನೋಡಿ, ನಿಮಗೆ ಕಪಾಲಭಾತಿ ಬೇಡ, ಒಂದೊಂದೇ ಹೊಳ್ಳೆಯಲ್ಲಿ ಮೆಲ್ಲಗೆ ಉಸಿರಾಡುವ ನಾಡಿಶೋಧನ ಸಾಕು, ಉಸಿರು ಹಿಡಿಯುವುದೂ ಬೇಡ ಅಂದರು. ಮಾತ್ರೆ ಮಾತ್ರ ಬಿಡಬೇಡಿ ಅಂತ ಎರಡು ಸಲ ಹೇಳಿದರು. ನನಗೆ ಅಲ್ಲೇ ಅರ್ಧ ಸಮಾಧಾನವಾಯಿತು.

ಗೋಡೆಯ ಮೇಲಿನ ಚಕ್ರಗಳ ಪಟ ನೋಡಿ ಆಶ್ಚರ್ಯವಾಯಿತು. ಕಾಮನಬಿಲ್ಲಿನ ಬಣ್ಣಗಳೇ ಇಲ್ಲ! ಕೆಳಗಿನ ಐದು ಚಕ್ರಗಳಿಗೆ ಪಂಚಭೂತಗಳಲ್ಲಿ ಒಂದೊಂದು. ಭೂಮಿಗೆ ಹಳದಿ ಚೌಕ. ನೀರಿಗೆ ಬಿಳಿ ಅರ್ಧಚಂದ್ರ. ಬೆಂಕಿಗೆ ಕೆಂಪು ತ್ರಿಕೋನ. ಗಾಳಿಗೆ ಹೊಗೆ ಬಣ್ಣದ ಆರು ಮೂಲೆಯ ಆಕಾರ. ಆಕಾಶಕ್ಕೆ ಬಿಳಿ ವೃತ್ತ. ಮೇಡಂ ಹತ್ತಿರ ಕೇಳಿದೆ. 1577ರಲ್ಲಿ ಪೂರ್ಣಾನಂದ ಎಂಬ ಯತಿ ಬರೆದ ಷಟ್ಚಕ್ರ ನಿರೂಪಣ ಎಂಬ ಸಂಸ್ಕೃತ ಗ್ರಂಥದಲ್ಲಿ ಹೀಗೇ ಇದೆಯಂತೆ. ಕೆಂಪಿನಿಂದ ನೇರಳೆವರೆಗಿನ ಏಳು ಬಣ್ಣ 20ನೇ ಶತಮಾನದಲ್ಲಿ ಪಶ್ಚಿಮದ ಕಡೆ ಸೇರಿಕೊಂಡದ್ದು. ಬಟ್ಟೆ ಕತ್ತರಿಸುವ ನನಗೆ ಚೌಕ, ತ್ರಿಕೋನ ಬೇಗ ಮನಸ್ಸಿನಲ್ಲಿ ನಿಂತವು. ಉಳಿದವರು ಕಣ್ಣು ಮುಚ್ಚಿ ಒದ್ದಾಡುತ್ತಿದ್ದರೆ ನನಗೆ ಹಳದಿ ಚೌಕ ಅಂಚು ಸಮೇತ ಕಾಣುತ್ತಿತ್ತು.

ಭೂಮಿ, ನೀರು ಹೀಗೆ ಒಂದೊಂದು ತತ್ವಕ್ಕೆ ಎರಡು ವಾರ. ಕೊನೆಯ ಎರಡು ವಾರ ಹುಬ್ಬಿನ ನಡುವಿನ ಆಜ್ಞಾ ಚಕ್ರ. ನೆತ್ತಿಯ ಸಹಸ್ರಾರಕ್ಕೆ ಬೇರೆ ಪಾಠ ಇಲ್ಲ.

ಭೂಮಿಯ ಎರಡು ವಾರ ನಾನು ಮರೆಯುವುದಿಲ್ಲ. ಮೊದಲು ಹತ್ತು ನಿಮಿಷ ತಾಡಾಸನದಲ್ಲಿ ಬರೀ ನಿಲ್ಲಿಸಿದರು. ತೂಕ ಪಾದದ ಯಾವ ಭಾಗಕ್ಕೆ ಬೀಳುತ್ತಿದೆ ಅಂತ ನೋಡಬೇಕು, ಅಷ್ಟೇ. ನನ್ನ ತೂಕ ಎಲ್ಲ ಬಲಗಾಲಿನ ಮುಂಭಾಗಕ್ಕೆ. ಮೆಷಿನ್ ಪೆಡಲ್ ಒತ್ತುವ ಕಾಲು ಅದು! ಇಷ್ಟು ವರ್ಷ ಎಡ ಹಿಮ್ಮಡಿ ನೆಲಕ್ಕೆ ಸರಿಯಾಗಿ ಊರಿಯೇ ಇರಲಿಲ್ಲ. ಆಮೇಲೆ ಕಂಬಳಿ ಮಡಿಸಿ ಅದರ ಮೇಲೆ ಕೂತು, ಬೆನ್ನುಮೂಳೆಯ ಬುಡದಲ್ಲಿ ಗಮನ ಇಟ್ಟು, ಮನಸ್ಸಿನಲ್ಲೇ ಭೂಮಿಯ ಬೀಜಮಂತ್ರ ಲಂ ಎನ್ನುವುದು. ಮೂರನೆಯ ಕ್ಲಾಸಿನ ದಿನ ಕಾಲು ಭಾರವಾಗಿ, ಬೆಚ್ಚಗಾಗಿ, ನಿಜವಾಗಿ ಕೂತಿದ್ದೇನೆ ಅನಿಸಿತು. ಆ ರಾತ್ರಿ ಐದು ಗಂಟೆ ನಿದ್ದೆ ಬಂತು.

ನೀರಿನ ಪಾಠ ಜುಲೈನಲ್ಲಿ ಬಂತು. ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದ ನೀರು. ಎರಡು ಕ್ಲಾಸ್ ರದ್ದಾದವು. ಅದಕ್ಕೆ ಬದಲು ಕ್ಲಾಸ್ ಕೊಡಲಿಲ್ಲ, ಫೀಸನ್ನೂ ಕಡಿಮೆ ಮಾಡಲಿಲ್ಲ. ಇದು ಸರಿಯಲ್ಲ, ಅವರಿಗೂ ಹೇಳಿದ್ದೇನೆ. ಇನ್ನೊಂದು, ಮೂರನೇ ಮಹಡಿ, ಲಿಫ್ಟ್ ಇಲ್ಲ. ವಯಸ್ಸಾದವರಿಗೆ ಕಷ್ಟ. ಅಗರಬತ್ತಿ ಹೊಗೆಯೂ ಸ್ವಲ್ಪ ಜಾಸ್ತಿ.

ವಂ ನೀರಿಗೆ, ರಂ ಬೆಂಕಿಗೆ, ಯಂ ಗಾಳಿಗೆ, ಹಂ ಆಕಾಶಕ್ಕೆ. ಗಾಳಿಯ ವಾರದಲ್ಲಿ ನನಗೆ ಮತ್ತೆ ಚಡಪಡಿಕೆ ಶುರುವಾಯಿತು. ಎದೆಯ ಹತ್ತಿರ ಗಮನ ಇಟ್ಟರೆ ಸಾಕು, ಮತ್ತೆ ಬ್ಲೌಸ್ ಲೆಕ್ಕ. ಮೇಡಂ ಒತ್ತಾಯ ಮಾಡಲಿಲ್ಲ. ನಿಮ್ಮಲ್ಲಿ ಗಾಳಿ ಮೊದಲೇ ಜೋರಾಗಿದೆ, ವಾಪಸ್ ಭೂಮಿಗೆ ಹೋಗಿ ಕೂರಿ ಅಂದರು. ಐದನ್ನೂ ಸಮ ಮಾಡುವುದು ಅಂದರೆ ಎಲ್ಲದಕ್ಕೂ ಒಂದೇ ಸಮಯ ಕೊಡುವುದಲ್ಲ, ಕಡಿಮೆ ಇರುವ ಕಡೆ ಜಾಸ್ತಿ ಹೊತ್ತು ಕೂರುವುದು ಅಂತ ನನಗೆ ಅರ್ಥವಾದದ್ದು ಆವತ್ತು. ಚಕ್ರ ಎಕ್ಸ್‌ರೇಯಲ್ಲಿ ಕಾಣುವ ವಸ್ತುವಲ್ಲ, ಗಮನ ಇಡುವ ಜಾಗ ಅಂತಲೂ ಅವರೇ ಹೇಳಿಕೊಟ್ಟರು. ನನ್ನ ಬಿಪಿಗೆ ಡಾಕ್ಟರೇ ಬೇಕು. ನಿದ್ದೆ, ಸಿಟ್ಟು, ಬೆನ್ನು, ಇವು ಮೂರರಲ್ಲಿ ನನಗೆ ವ್ಯತ್ಯಾಸ ಗೊತ್ತಾಗಿದೆ.

ಕೊನೆಗೆ ಎಲ್ಲವನ್ನೂ ಸೇರಿಸಿ ಮಾಡುವ ಧ್ಯಾನ ಇದೆ. ಭೂಮಿಯನ್ನು ನೀರಿನಲ್ಲಿ ಕರಗಿಸುವುದು, ನೀರನ್ನು ಬೆಂಕಿಯಲ್ಲಿ, ಬೆಂಕಿಯನ್ನು ಗಾಳಿಯಲ್ಲಿ, ಗಾಳಿಯನ್ನು ಆಕಾಶದಲ್ಲಿ. ತೈತ್ತಿರೀಯ ಉಪನಿಷತ್ತಿನಲ್ಲಿ ಸೃಷ್ಟಿ ಆಕಾಶದಿಂದ ಭೂಮಿಗೆ ಇಳಿಯುತ್ತದೆ, ಇಲ್ಲಿ ನಾವು ಅದೇ ದಾರಿಯಲ್ಲಿ ಹಿಂದಕ್ಕೆ ಹತ್ತುತ್ತೇವೆ. ಅಜ್ಜಯ್ಯ ಸುಮ್ನೆ ಕೂತಿರಲಿಲ್ಲ. ಅವರು ಮಾಡುತ್ತಿದ್ದದ್ದು ಇದನ್ನೇ. ಆವತ್ತು ಮೆಟ್ಟಿಲು ಇಳಿಯುವಾಗ ಕಣ್ಣು ತುಂಬಿತ್ತು.

ನಮ್ಮ ಕನ್ನಡದವರಿಗೆ ಇನ್ನೊಂದು ಸಂತೋಷದ ವಿಷಯ ಇದೆ. ಪಟದಲ್ಲಿ ಒಂದೊಂದು ಚಕ್ರವೂ ಒಂದು ಕಮಲ. ಸಹಸ್ರಾರ ಬಿಟ್ಟು ಉಳಿದ ಆರು ಚಕ್ರಗಳ ದಳ ಕೂಡಿಸಿದರೆ 50, ಒಂದೊಂದು ದಳಕ್ಕೂ ಒಂದೊಂದು ಅಕ್ಷರ. ಗಂಟಲಲ್ಲಿ ಅ ಇಂದ ಅಃ ವರೆಗೆ ಸಂಸ್ಕೃತದ 16 ಸ್ವರ. ಎದೆಯಲ್ಲಿ ಕ ಇಂದ ಠ ವರೆಗೆ 12. ಹೊಕ್ಕುಳಲ್ಲಿ ಡ ಇಂದ ಫ ವರೆಗೆ 10. ಅದರ ಕೆಳಗೆ ಬ ಇಂದ ಲ ವರೆಗೆ 6. ಬುಡದಲ್ಲಿ ವ, ಶ, ಷ, ಸ. ಹುಬ್ಬಿನ ನಡುವೆ ಹ ಮತ್ತು ಕ್ಷ. ಮೇಡಂ ಪಟದಲ್ಲಿ ದೇವನಾಗರಿ ಇತ್ತು. ನಾನು ಮನೆಯಲ್ಲಿ ಬ್ರೌನ್ ಪೇಪರ್ ಮೇಲೆ ಕನ್ನಡದಲ್ಲಿ ಬರೆದು ಮೆಷಿನ್ ಎದುರು ಅಂಟಿಸಿದೆ. ನನ್ನ ಮಗಳು ಹುಟ್ಟಿದ್ದು ಮುಂಬೈಯಲ್ಲಿ, ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಅಕ್ಷರಮಾಲೆ ಕಲಿ ಅಂತ ಎಷ್ಟು ಸಲ ಹೇಳಿದರೂ ಕೇಳಿರಲಿಲ್ಲ. ಈಗ ರಾತ್ರಿ ನನ್ನ ಪಕ್ಕ ಕೂತು ಹೊಟ್ಟೆ ಮೇಲೆ ಕೈ ಇಟ್ಟು ಡ, ಢ, ಣ ಎನ್ನುತ್ತಾಳೆ. ಗಂಟಲಿನ 16ರಲ್ಲಿ ಋ ಹತ್ತಿರ ಇನ್ನೂ ನಿಲ್ಲುತ್ತಾಳೆ, ನಾನು ಹೇಳಿಕೊಡುತ್ತೇನೆ.