28 ಮಿ.ಮೀ. ಸೈನಿಕರೋ, 6 ಮಿ.ಮೀ. ಸೈನಿಕರೋ?

1815ರ ವಾಟರ್‌ಲೂ ಕದನವನ್ನು, ಅಂದರೆ ಬ್ರಿಟಿಷರು ಮಿತ್ರರೊಡನೆ ನೆಪೋಲಿಯನ್ನನ ಫ್ರೆಂಚರನ್ನು ಸೋಲಿಸಿದ ಯುದ್ಧವನ್ನು, ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಆಡಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಗೊಂಬೆಯ ಅಳತೆ, ಅಂದರೆ ಎತ್ತರ, ತೀರ್ಮಾನಿಸಿ. ಬಣ್ಣ ಹಚ್ಚುವ ರೀತಿಯೇ ಅದರಿಂದ ಬದಲಾಗುತ್ತದೆ.

28 ಮಿ.ಮೀ. ಗೊಂಬೆಗೆ ಮುಖವಿದೆ, ಕೋಟಿಗೆ ಗುಂಡಿಗಳಿವೆ, ಬೆನ್ನಿಗೆ ಚೀಲವಿದೆ. ಬ್ರಿಟಿಷ್ ಸಿಪಾಯಿಯ ಕೆಂಪು ಕೋಟನ್ನು ಕಪ್ಪು ಪ್ರೈಮರ್ (ಮೊದಲು ಬಳಿಯುವ ಅಡಿಬಣ್ಣ) ಮೇಲೆ ಹಚ್ಚಿದರೆ ಮಂಕಾಗುತ್ತದೆ. ಮೂರ್ನಾಲ್ಕು ಸಲ ಬಳಿದರೂ ಹೊಳಪು ಬರೋದು ಕಷ್ಟ. ಕಂದು ಪ್ರೈಮರ್ ಹಾಕಿ ನೋಡಿ, ಕೆಂಪು ಬೆಚ್ಚಗೆ ಅರಳುತ್ತದೆ. ಎದೆಯ ಮೇಲಿನ ಎರಡು ಬಿಳಿ ಅಡ್ಡಪಟ್ಟಿಗಳನ್ನು ಕೊನೆಗೆ ಎಳೆಯಬೇಕು. ಅಕ್ರಿಲಿಕ್ ಬಣ್ಣಕ್ಕೆ ತುಸು ನೀರು, ಚೂಪು ತುದಿಯ ಬ್ರಷ್, ಬಿಗಿಹಿಡಿದ ಉಸಿರು. ಪಟ್ಟಿಯ ಅಂಚಲ್ಲಿ ಕೂದಲೆಳೆಯಷ್ಟು ಕಡು ಗೆರೆ ಉಳಿಸಿದರೆ ಗೊಂಬೆಗೆ ಜೀವ ಬರುತ್ತದೆ. ನನಗೆ ಒಬ್ಬ ಸಿಪಾಯಿಗೇ ಒಂದು ಸಂಜೆ ಬೇಕು. ಆ ಸಂಜೆ ನನಗೆ ತುಂಬಾ ಇಷ್ಟ.

6 ಮಿ.ಮೀ. ಗೊಂಬೆಯ ಮುಖ ಒಂದು ಚುಕ್ಕೆ, ಅಷ್ಟೇ. ಇಲ್ಲಿ ಕಪ್ಪು ಪ್ರೈಮರೇ ಸರಿ, ಅದೇ ನೆರಳಾಗುತ್ತದೆ. ಫ್ರೆಂಚರ ನೀಲಿಯನ್ನು ಮಾತ್ರ ನಿಜಕ್ಕಿಂತ ತಿಳಿಯಾಗಿ ಹಚ್ಚಿ. ಕಡುನೀಲಿ ದೂರದಿಂದ ಕಪ್ಪಾಗೇ ಕಾಣುತ್ತದೆ ಅಲ್ವಾ? ಒಂದೇ ಸಂಜೆಯಲ್ಲಿ ಇಡೀ ಸಾಲು ಮುಗಿಯುತ್ತದೆ.

ಕುದುರೆಪಡೆ ಗುಡ್ಡ ಹತ್ತುವ ದೊಡ್ಡ ನೋಟ ಬೇಕು, ಬೇಗ ಆಟಕ್ಕೆ ಕೂರಬೇಕು ಅನ್ನುವವರಿಗೆ 6 ಮಿ.ಮೀ. ಗೊಂಬೆಯೇ ಸರಿ. ಬ್ರಷ್ ಹಿಡಿಯೋದೇ ಖುಷಿ ಅನ್ನುವವರು 28 ಮಿ.ಮೀ. ತಗೊಳ್ಳಿ, ಆದರೆ ಹತ್ತು ಹನ್ನೆರಡು ಗೊಂಬೆಗಿಂತ ಜಾಸ್ತಿ ಒಟ್ಟಿಗೆ ಕೊಳ್ಳಬೇಡಿ.